ಇಂಗ್ಲಿಷಿನ ವರ್ತಮಾನಕ್ಕೆ ಕನ್ನಡದ ದಾರಿ

‘ಐ ಆ್ಯಮ್ ನೋಯಿಂಗ್ ಹಿಮ್ ವೆರಿ ವೆಲ್.’ ‘ಮೈ ಫಾದರ್ ವರ್ಕ್ ಇನ್ ಕೆಎಸ್‌ಆರ್‌ಟಿಸಿ.’ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್.’ ಇಂಥ ವಾಕ್ಯಗಳನ್ನು ತಿದ್ದದ ಇಂಗ್ಲಿಷ್ ಮೇಷ್ಟರು ಕರ್ನಾಟಕದಲ್ಲಿ ಇರಲಾರರು. ಮೂರಕ್ಕೂ ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಮಕ್ಕಳು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತರ್ಜುಮೆ ಮಾಡುತ್ತಾರೆ, ಅದಕ್ಕೇ ಹೀಗಾಗುತ್ತದೆ. ಹೇಳುವ ಮದ್ದೂ ಒಂದೇ: ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬೇಡ, ಇಂಗ್ಲಿಷಿನಲ್ಲೇ ಯೋಚಿಸಿ.

ಈ ಕಾರಣದಲ್ಲಿರುವುದು ಅರ್ಧ ಸತ್ಯ ಮಾತ್ರ, ಮದ್ದಂತೂ ಪೂರಾ ತಪ್ಪು ಎಂಬುದು ನನ್ನ ವಾದ. ಮೊದಲ ವಾಕ್ಯವನ್ನೇ ತೆಗೆದುಕೊಳ್ಳಿ. ಆ ಹುಡುಗ ನಿಜವಾಗಿ ಕನ್ನಡದಲ್ಲಿ ಯೋಚಿಸಿದ್ದರೆ ಅವನ ಮನಸ್ಸಿಗೆ ಬರುತ್ತಿದ್ದದ್ದು ‘ನನಗೆ ಅವನು ಚೆನ್ನಾಗಿ ಗೊತ್ತು’ ಎಂಬ ಮಾತು. ‘ಗೊತ್ತು’ ಎಂಬುದಕ್ಕೆ ‘-ತ್ತಿದ್ದೇನೆ’ ಅಂಟುವುದೇ ಇಲ್ಲ. ಬೇಕು, ಬೇಡ, ಸಾಕು, ಗೊತ್ತು, ಇಷ್ಟ: ಇವು ಕಾಲದ ಪ್ರತ್ಯಯವನ್ನು ಹೊರದೆ ಹಾಗೇ ನಿಲ್ಲುವ ಪದಗಳು. ತಿಳಿದಿರುವುದು, ಬೇಕಾಗಿರುವುದು, ಇಷ್ಟವಾಗಿರುವುದು ಇವೆಲ್ಲ ಮಾಡುವ ಕೆಲಸಗಳಲ್ಲ, ಇರುವ ಸ್ಥಿತಿಗಳು ಎಂಬುದನ್ನು ಕನ್ನಡ ಇಂಗ್ಲಿಷಿಗಿಂತಲೂ ಗಟ್ಟಿಯಾಗಿ ಗುರುತಿಸಿದೆ. ಇಂಗ್ಲಿಷ್ ವ್ಯಾಕರಣದ ಪುಸ್ತಕಗಳು ‘ಇವಕ್ಕೆ ಐಎನ್‌ಜಿ ಹಚ್ಚಬೇಡಿ’ ಎಂದು ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವ ನೋ, ವಾಂಟ್, ನೀಡ್, ಲೈಕ್‌ಗಳು ಕನ್ನಡದ ಮಗುವಿನ ಬಾಯಲ್ಲಿ ಆಗಲೇ ಬೇರೆ ಜಾತಿಯ ಪದಗಳಾಗಿ ಕೂತಿವೆ. ಹಾಗಾದರೆ ‘ನೋಯಿಂಗ್’ ಎಲ್ಲಿಂದ ಬಂತು?

ಉತ್ತರಕ್ಕೆ ಮೊದಲು ಇಂಗ್ಲಿಷಿನ ‘ಪ್ರೆಸೆಂಟ್ ಟೆನ್ಸ್’ ಎಂಬ ಹೆಸರು ಮಾಡಿರುವ ಅನಾಹುತವನ್ನು ನೋಡಬೇಕು. ಆ ಹೆಸರು ಕೇಳಿದವರು ಅದು ‘ಈಗ’ ನಡೆಯುವುದರ ಬಗ್ಗೆ ಎಂದುಕೊಳ್ಳುತ್ತಾರೆ. ಆದರೆ ಸಿಂಪಲ್ ಪ್ರೆಸೆಂಟ್‌ಗೆ ಈ ಕ್ಷಣದೊಂದಿಗಿರುವ ನಂಟು ಬಹಳ ತೆಳುವಾದದ್ದು. ‘ದಿ ಸನ್ ರೈಸಸ್ ಇನ್ ದಿ ಈಸ್ಟ್’ ಎಂಬುದು ನಡುರಾತ್ರಿಯಲ್ಲೂ ಸರಿಯಾದ ಮಾತು. ‘ದಿ ಟ್ರೇನ್ ಲೀವ್ಸ್ ಅಟ್ ಸಿಕ್ಸ್ ಟುಮಾರೊ’ ನಾಳೆಯ ಸಂಗತಿ. ‘ಇಫ್ ಇಟ್ ರೇನ್ಸ್’ ಇನ್ನೂ ಬಾರದ ಮಳೆಯ ಸಂಗತಿ. ಇಂಗ್ಲಿಷ್ ಪತ್ರಿಕೆಯ ತಲೆಬರಹದಲ್ಲಿ ನಿನ್ನೆ ಉದ್ಘಾಟನೆಯಾದ ಸೇತುವೆಯನ್ನು ಮಂತ್ರಿಗಳು ಇಂದೂ ‘ಇನಾಗ್ಯುರೇಟ್ಸ್’ ಮಾಡುತ್ತಿರುತ್ತಾರೆ. ಸಿಂಪಲ್ ಪ್ರೆಸೆಂಟ್ ನಿಜಕ್ಕೂ ಈ ಕ್ಷಣವನ್ನು ಹೇಳುವುದು ಕ್ರಿಕೆಟ್ ಕಾಮೆಂಟರಿಯಂಥ ಕೆಲವೇ ಕಡೆ. ಅಲ್ಲಿ ಬೌಲರ್ ‘ಕಮ್ಸ್ ಇನ್, ಬೌಲ್ಸ್’. ಚೆಂಡು ಕೈಬಿಟ್ಟದ್ದೇ ತಡ ಮುಗಿದುಹೋಗುವ ಆ ಕೆಲಸಕ್ಕೆ ಐಎನ್‌ಜಿ ಹಿಡಿಸುವಷ್ಟು ಅವಧಿಯಿಲ್ಲ. ಅದೇ ಕಾಮೆಂಟರಿಯಲ್ಲಿ ಕ್ಯಾಪ್ಟನ್ ‘ಈಸ್ ಸೆಟಿಂಗ್ ದಿ ಫೀಲ್ಡ್’, ಏಕೆಂದರೆ ಅದಕ್ಕೆ ಹೊತ್ತು ಹಿಡಿಯುತ್ತದೆ, ನಾವು ಅದರ ನಡುವಿನಲ್ಲಿದ್ದೇವೆ.

ಅಂದರೆ ಇಲ್ಲಿ ಮುಖ್ಯವಾದ ಪ್ರಶ್ನೆ ‘ಯಾವಾಗ’ ಎಂಬುದಲ್ಲ. ಮಾತಾಡುವವರು ಆ ಸಂಗತಿಯನ್ನು ಹೇಗೆ ನೋಡುತ್ತಿದ್ದಾರೆ ಎಂಬುದು. ಸಂಗತಿ ಇಡಿಯಾಗಿ, ‘ಇದು ಹೀಗೆ’ ಎಂಬಂತೆ ಕಂಡರೆ ಸಿಂಪಲ್. ಶುರುವಾಗಿ ಇನ್ನೂ ಮುಗಿಯದೆ ನಡುವಿನಲ್ಲಿರುವಂತೆ ಕಂಡರೆ ಕಂಟಿನ್ಯುಯಸ್. ಹಿಂದೆ ಆದದ್ದರ ಫಲ ಇಂದಿಗೆ ತಾಕುವಂತೆ ಕಂಡರೆ ಪರ್ಫೆಕ್ಟ್. ಕಾಲದ ಗೆರೆಗಳು ಮಾತಿನಲ್ಲಿ ಸಡಿಲವಾಗುತ್ತವೆ ಎಂಬುದು ನಮ್ಮ ವೈಯಾಕರಣರಿಗೆ ಹೊಸದಲ್ಲ. ವರ್ತಮಾನಕ್ಕೆ ಹತ್ತಿರವಿರುವ ಭೂತಕ್ಕೂ ಭವಿಷ್ಯಕ್ಕೂ ವರ್ತಮಾನದ ರೂಪವನ್ನೇ ಬಳಸಬಹುದು ಎಂದು ಪಾಣಿನಿ ಸಂಸ್ಕೃತಕ್ಕೆ ಸೂತ್ರವನ್ನೇ ಮಾಡಿದ್ದಾನೆ. ಕನ್ನಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಡುಗೆಮನೆಯಿಂದ ‘ಊಟಕ್ಕೆ ಬಾರೋ’ ಎಂದರೆ ಇನ್ನೂ ಕುರ್ಚಿ ಬಿಟ್ಟೇಳದ ಮಗ ‘ಬಂದೆ ಅಮ್ಮಾ’ ಎನ್ನುತ್ತಾನೆ. ಬರಬೇಕಾಗಿರುವುದಕ್ಕೆ ಭೂತಕಾಲ! ಇಂಗ್ಲಿಷ್ ಅದೇ ಜಾಗದಲ್ಲಿ ‘ಐ ಆ್ಯಮ್ ಕಮಿಂಗ್’ ಎನ್ನುತ್ತದೆ. ಕನ್ನಡಕ್ಕೆ ನಿಜವಾಗಿ ಇರುವುದು ಮೂರು ಕಾಲಗಳಲ್ಲ, ಭೂತ ಮತ್ತು ಭೂತವಲ್ಲದ್ದು ಎಂಬ ಎರಡೇ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದರು. ‘ನಾಳೆ ಬರ್ತೀನಿ’, ‘ದಿನಾ ಬರ್ತೀನಿ’ ಎರಡರಲ್ಲೂ ಒಂದೇ ರೂಪ ಇರುವುದನ್ನು ಗಮನಿಸಿದವರಿಗೆ ಆ ವಾದದ ಬಲ ತಿಳಿಯುತ್ತದೆ. ಕುತೂಹಲದ ಸಂಗತಿಯೆಂದರೆ ಇಂಗ್ಲಿಷಿನ ಕ್ರಿಯಾಪದಕ್ಕೂ ಪ್ರತ್ಯಯದ ಮಟ್ಟದಲ್ಲಿ ಇರುವುದು ಎರಡೇ. ಭವಿಷ್ಯಕ್ಕೆ ಅದು ‘ವಿಲ್’ನಂಥ ಪದಗಳನ್ನು ಜೊತೆಗೆ ಕರೆತರುತ್ತದೆ.

ಇನ್ನು ಕನ್ನಡ ಇಂಗ್ಲಿಷನ್ನೇ ಮೀರಿಸುವ ಒಂದು ಜಾಗ. ‘ಅಪ್ಪ ಮನೇಲಿದ್ದಾರೆ.’ ‘ಭಾನುವಾರ ಅಪ್ಪ ಮನೇಲಿರ್ತಾರೆ.’ ಮೊದಲನೆಯದು ಈಗಿನ ಸ್ಥಿತಿ, ಎರಡನೆಯದು ವಾಡಿಕೆ. ‘ಹೊರಗೆ ಬಿಸಿಲಿದೆ’, ‘ಏಪ್ರಿಲ್‌ನಲ್ಲಿ ಬಿಸಿಲಿರುತ್ತದೆ.’ ಇಂಗ್ಲಿಷಿಗೆ ಎರಡು ಕಡೆಯೂ ‘ಈಸ್’ ಒಂದೇ ಗತಿ. ಇದೆ–ಇರುತ್ತದೆಗಳ ನಡುವಿನ ಈ ಅಂತರವನ್ನು ಮೂರು ವರ್ಷದ ಕನ್ನಡದ ಕೂಸು ಯಾರೂ ಹೇಳಿಕೊಡದೆ ಕಲಿತಿರುತ್ತದೆ. ವಾಡಿಕೆ ಮತ್ತು ಈಗಿನದು ಇವೆರಡನ್ನು ಬೇರ್ಪಡಿಸುವ ಬುದ್ಧಿಯನ್ನು ನಾವು ಇಂಗ್ಲಿಷ್ ತರಗತಿಯಲ್ಲಿ ಹೊಸದಾಗಿ ಹುಟ್ಟಿಸಬೇಕಿಲ್ಲ. ಇರುವುದನ್ನು ತೋರಿಸಿದರೆ ಸಾಕು.

ಆಣೆ, ಕೋರಿಕೆ, ಘೋಷಣೆಗಳ ವಿಷಯದಲ್ಲೂ ಹೀಗೇ. ಹೇಳುವುದೇ ಮಾಡುವುದಾಗುವ ಇಂಥ ಮಾತುಗಳನ್ನು ಜೆ.ಎಲ್. ಆಸ್ಟಿನ್ ಎಂಬ ತತ್ತ್ವಜ್ಞಾನಿ ವಿವರವಾಗಿ ಚರ್ಚಿಸಿದ್ದಾನೆ. ಇಂಗ್ಲಿಷಿನಲ್ಲಿ ಇವಕ್ಕೆ ಸಹಜವಾದದ್ದು ಸಿಂಪಲ್ ಪ್ರೆಸೆಂಟ್: ‘ಐ ಪ್ರಾಮಿಸ್’, ‘ಐ ಡಿಕ್ಲೇರ್’. ನಮ್ಮಲ್ಲೂ ಮಂತ್ರಿಗಳು ಪ್ರಮಾಣವಚನ ‘ಸ್ವೀಕರಿಸುತ್ತೇನೆ’ ಎನ್ನುತ್ತಾರೆಯೇ ಹೊರತು ‘ಸ್ವೀಕರಿಸುತ್ತಿದ್ದೇನೆ’ ಎನ್ನುವುದಿಲ್ಲ. ರಜೆಯ ಅರ್ಜಿಯ ಕೊನೆಯಲ್ಲಿ ‘ಕೋರುತ್ತೇನೆ’ ಎಂದು ಬರೆಯುವ ಹುಡುಗಿ ಅದೇ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಐ ಆ್ಯಮ್ ರಿಕ್ವೆಸ್ಟಿಂಗ್ ಯು’ ಎಂದರೆ ಅವಳು ಕನ್ನಡವನ್ನು ಅನುಸರಿಸಿದ್ದರಿಂದ ಎಡವಲಿಲ್ಲ, ಕನ್ನಡವನ್ನು ಕೈಬಿಟ್ಟದ್ದರಿಂದ ಎಡವಿದಳು.

‘ನೋಯಿಂಗ್’ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಮರಳಿದರೆ, ನನ್ನ ಅನುಮಾನ ಇರುವುದು ತರಗತಿಯ ಮೇಲೆ. 1950–60ರ ದಶಕಗಳಿಂದ ನಮ್ಮ ದೇಶದಲ್ಲಿ ಗಟ್ಟಿಯಾಗಿ ಬೇರೂರಿದ ಬೋಧನಾ ಕ್ರಮದಲ್ಲಿ ವಾಕ್ಯರಚನೆಗಳನ್ನು ಒಂದೊಂದಾಗಿ ಅಭಿನಯಿಸಿ ತೋರಿಸಿ, ಮಕ್ಕಳಿಂದ ಮತ್ತೆ ಮತ್ತೆ ಹೇಳಿಸುತ್ತಿದ್ದರು. ಅಭಿನಯಕ್ಕೆ ಅತ್ಯಂತ ಸುಲಭವಾದದ್ದು ಕಂಟಿನ್ಯುಯಸ್. ಮೇಷ್ಟರು ಬಾಗಿಲ ಕಡೆ ನಡೆಯುತ್ತಾ ‘ಐ ಆ್ಯಮ್ ವಾಕಿಂಗ್’, ಬೋರ್ಡಿನ ಮೇಲೆ ಬರೆಯುತ್ತಾ ‘ಐ ಆ್ಯಮ್ ರೈಟಿಂಗ್’ ಎನ್ನಬಹುದು. ವಾಡಿಕೆಯನ್ನು ಹೀಗೆ ನಾಲ್ಕು ಗೋಡೆಯೊಳಗೆ ನಟಿಸಿ ತೋರಿಸಲು ಬರುವುದಿಲ್ಲ. ಇದಕ್ಕೂ ಮುಂಚೆ ‘ಐ ಆ್ಯಮ್ ಎ ಬಾಯ್’, ‘ಶಿ ಈಸ್ ಎ ಗರ್ಲ್’ ಗಟ್ಟಿ ಮಾಡಿಸಿರುತ್ತಾರೆ. ‘ನಾನು ಹುಡುಗ’ ಎಂಬ ಕನ್ನಡದ ವಾಕ್ಯದಲ್ಲಿ ‘ಆ್ಯಮ್’ಗೆ ಸಾಟಿಯಾದ ಪದವೇ ಇಲ್ಲದ್ದರಿಂದ ಮಗು ಅದನ್ನು ‘ಐ’ಗೆ ಅಂಟಿದ ಬಾಲ ಎಂದೇ ತಿಳಿಯುತ್ತದೆ. ‘ಐ ಆ್ಯಮ್ ಅಗ್ರೀ’, ‘ಐ ಆ್ಯಮ್ ಗೋ ಟು ಸ್ಕೂಲ್’ ಹುಟ್ಟುವುದು ಹೀಗೆ. ಆ್ಯಮ್ ಬಂದಮೇಲೆ ಐಎನ್‌ಜಿ ಬರಲೇಬೇಕು ಎಂದು ಮುಂದೆ ಕಲಿತಾಗ ‘ಐ ಆ್ಯಮ್ ನೋಯಿಂಗ್’ ಪೂರ್ತಿಯಾಗುತ್ತದೆ. ಇದು ಮನೆಯಿಂದ ಬಂದ ದೋಷವಲ್ಲ, ಶಾಲೆ ಶ್ರದ್ಧೆಯಿಂದ ಕಲಿಸಿದ ಪಾಠ.

ಇದಕ್ಕೆ ಪ್ರತಿಯಾಗಿ ಯೋಚಿಸಿದವರೂ ನಮ್ಮ ಮಧ್ಯದಲ್ಲೇ ಇದ್ದರು. ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ಭಾಷಾಬೋಧನೆಯ ಲೋಕದಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ಮಕ್ಕಳ ಗಮನ ಅರ್ಥದ ಮೇಲಿದ್ದಾಗಲೇ ವ್ಯಾಕರಣ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಅದಕ್ಕಾಗಿ ರೈಲಿನ ವೇಳಾಪಟ್ಟಿ, ನಕ್ಷೆಗಳಂಥವನ್ನು ಕೊಟ್ಟು ಲೆಕ್ಕ ಬಿಡಿಸುವ ಹಾಗೆ ಬಿಡಿಸಲು ಹಚ್ಚುತ್ತಿದ್ದರು. ವೇಳಾಪಟ್ಟಿಯ ಮುಂದೆ ಕೂತ ಮಗುವಿಗೆ ಸಿಂಪಲ್ ಪ್ರೆಸೆಂಟ್ ಎಂಬ ಹೆಸರು ಬೇಕಿಲ್ಲ. ರೈಲು ಎಷ್ಟಕ್ಕೆ ‘ಲೀವ್ಸ್’, ಎಷ್ಟಕ್ಕೆ ‘ಅರೈವ್ಸ್’ ಎಂಬುದಷ್ಟೇ ಬೇಕು. ಜಗತ್ತು ಚರ್ಚಿಸಿದ ಈ ಪ್ರಯೋಗ ನಮ್ಮ ಸಾಮಾನ್ಯ ಶಾಲೆಗಳ ಇಂಗ್ಲಿಷ್ ಪಿರಿಯಡ್ಡಿನೊಳಗೆ ಇಷ್ಟು ಕಡಿಮೆ ಇಳಿದಿರುವುದು ನನಗೆ ನೋವಿನ ಸಂಗತಿ.

ಹಾಗೆಂದು ಕನ್ನಡ ಎಲ್ಲೂ ಅಡ್ಡ ಬರುವುದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬರುತ್ತದೆ, ಆದರೆ ನಾವು ಬೊಟ್ಟು ಮಾಡುವ ಎಲ್ಲ ಜಾಗಗಳಲ್ಲೂ ಅಲ್ಲ. ಕನ್ನಡದ ‘-ತ್ತಿದ್ದಾನೆ’ ಇಂಗ್ಲಿಷಿನ ಐಎನ್‌ಜಿಗಿಂತ ಉದಾರಿ. ‘ನಿಮ್ಮ ಮಗ ಏನ್ಮಾಡ್ತಿದ್ದಾನೆ?’ ‘ಬ್ಯಾಂಕಿನಲ್ಲಿ ಕೆಲಸ ಮಾಡ್ತಿದ್ದಾನೆ.’ ಆ ಮಗ ಅಲ್ಲೇ ನಿವೃತ್ತನಾಗುವವನಿದ್ದರೂ ನಾವು ಹೀಗೇ ಹೇಳುತ್ತೇವೆ. ‘ನಮ್ಮ ಅಜ್ಜಿ ಈ ಮನೆಯಲ್ಲೇ ವಾಸ ಮಾಡುತ್ತಿದ್ದಾರೆ’ ಎಂದಾಗ ಅಜ್ಜಿ ಸದ್ಯದಲ್ಲೇ ಮನೆ ಖಾಲಿ ಮಾಡುತ್ತಾರೆಂಬ ಸುಳಿವೇನೂ ಇಲ್ಲ. ‘ಮೈ ಗ್ರ್ಯಾಂಡ್‌ಮದರ್ ಈಸ್ ಲಿವಿಂಗ್ ಇನ್ ದಿಸ್ ಹೌಸ್’ ಎಂದರೆ ಇಂಗ್ಲಿಷಿನ ಕಿವಿಗೆ ಆ ಸುಳಿವು ಕೇಳುತ್ತದೆ: ಸದ್ಯಕ್ಕೆ ಇಲ್ಲಿದ್ದಾರೆ, ಮುಂದೆ ಬೇರೆ ಏರ್ಪಾಡು ಇರಬಹುದು. ಐಎನ್‌ಜಿ ತಾತ್ಕಾಲಿಕತೆಯ ವಾಸನೆ ಹೊತ್ತುಕೊಂಡು ಬರುತ್ತದೆ, ‘-ತ್ತಿದ್ದಾರೆ’ ಹೊರುವುದಿಲ್ಲ. ನಾನು ಮೇಷ್ಟರಾಗಿದ್ದರೆ ಇಡೀ ಪಾಠದಲ್ಲಿ ಇದೊಂದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದೆ.

ಎರಡನೆಯ ಜಾಗ, ಅರಿವಿನ ಕ್ರಿಯಾಪದಗಳು. ‘ಗೊತ್ತು’ ಎಂಬಲ್ಲಿ ಇಂಗ್ಲಿಷಿನ ಜೊತೆಗಿರುವ ಕನ್ನಡ ‘ಅರ್ಥವಾಗು’, ‘ಕಾಣಿಸು’, ‘ಕೇಳಿಸು’, ‘ನೆನಪಾಗು’ ಎಂಬಲ್ಲಿ ಬೇರೆ ದಾರಿ ಹಿಡಿಯುತ್ತದೆ. ಇವು ನಮಗೆ ಆಗುವ ಸಂಗತಿಗಳು, ಹಾಗಾಗಿ ‘ಆಗ್ತಾ’ ಇರಬಹುದು. ಫೋನಿನಲ್ಲಿ ‘ಕೇಳಿಸ್ತಾ ಇಲ್ಲ’ ಎನ್ನುವವರು ಇಂಗ್ಲಿಷಿನಲ್ಲಿ ‘ಐ ಆ್ಯಮ್ ನಾಟ್ ಹಿಯರಿಂಗ್ ಯು’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಸಹಜವಾದದ್ದು ‘ಐ ಕಾಂಟ್ ಹಿಯರ್ ಯು’. ‘ಅರ್ಥ ಆಗ್ತಾ ಇಲ್ಲ’ ಎಂಬುದು ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’ ಆಗಬೇಕು. ‘ಗೊತ್ತು’ ಮತ್ತು ‘ಅರ್ಥವಾಗು’ ಎರಡನ್ನೂ ಒಂದೇ ಪಟ್ಟಿಯಲ್ಲಿ ತುರುಕಿ ಬಾಯಿಪಾಠ ಮಾಡಿಸುವುದರಿಂದ ಮೊದಲನೆಯದರಲ್ಲಿ ಕನ್ನಡದ ಸಹಾಯ ಸಿಗುತ್ತದೆ, ಎರಡನೆಯದರಲ್ಲಿ ಎಚ್ಚರ ಬೇಕು ಎಂಬ ಬಹಳ ಉಪಯುಕ್ತವಾದ ತಿಳಿವಳಿಕೆ ಕಳೆದುಹೋಗುತ್ತದೆ.

ಮೂರನೆಯದು ‘ಐದು ವರ್ಷದಿಂದ’. ‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದ್ದೇನೆ’ ಎಂಬಲ್ಲಿ ಹಿಂದಿನಿಂದ ಇಂದಿನವರೆಗೆ ಗೆರೆ ಎಳೆಯುವ ಕೆಲಸವನ್ನು ‘ಇಂದ’ ಒಂದೇ ಮಾಡಿಬಿಡುತ್ತದೆ. ಕ್ರಿಯಾಪದ ವರ್ತಮಾನದಲ್ಲಿ ಆರಾಮವಾಗಿರುತ್ತದೆ. ಇದು ಕನ್ನಡದ ವಿಚಿತ್ರವೇನಲ್ಲ. ಇಂಗ್ಲಿಷಿನ ಹತ್ತಿರದ ಬಂಧುವಾದ ಜರ್ಮನ್ ಕೂಡ ಹೀಗೇ ಮಾಡುತ್ತದೆ, ಫ್ರೆಂಚೂ ಹೀಗೇ. ಇಂಗ್ಲಿಷ್ ಮಾತ್ರ ಆ ಗೆರೆಯನ್ನು ಕ್ರಿಯಾಪದವೇ ಎಳೆಯಬೇಕೆಂದು ಹಟ ಹಿಡಿಯುತ್ತದೆ: ‘ಐ ಹ್ಯಾವ್ ಬೀನ್ ವರ್ಕಿಂಗ್’. ಇದು ಬರೀ ಶಿಷ್ಟಾಚಾರದ ಪ್ರಶ್ನೆಯಲ್ಲ. ‘ಐ ಆ್ಯಮ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’ ಎಂದರೆ ಐದು ವರ್ಷದ ಅವಧಿಗೆ ಇಲ್ಲಿಗೆ ಬಂದಿದ್ದೇನೆ ಎಂಬ ಅರ್ಥ ಹೊರಡಬಹುದು. ಹಿಂದಿನ ಅನುಭವ ಹೇಳಹೊರಟವನು ಮುಂದಿನ ಒಪ್ಪಂದವನ್ನು ಹೇಳಿದಂತಾಯಿತು! ಇದರ ಮೇಲೆ ‘ಸಿನ್ಸ್’ ಮತ್ತು ‘ಫಾರ್’ಗಳ ಗೊಂದಲ. ‘2019ರಿಂದ’ ಎಂಬುದು ಶುರುವಾದ ಬಿಂದು, ‘ಐದು ವರ್ಷದಿಂದ’ ಎಂಬುದು ಅಳತೆಯ ಉದ್ದ. ಕನ್ನಡಕ್ಕೆ ಎರಡೂ ‘ಇಂದ’. ಇಂಗ್ಲಿಷ್ ಮೊದಲನೆಯದಕ್ಕೆ ‘ಸಿನ್ಸ್’, ಎರಡನೆಯದಕ್ಕೆ ‘ಫಾರ್’ ಕೇಳುತ್ತದೆ. ಈ ವ್ಯತ್ಯಾಸವನ್ನು ಕನ್ನಡದಲ್ಲಿ ಎರಡು ನಿಮಿಷ ವಿವರಿಸಿದರೆ ಹತ್ತನೇ ತರಗತಿಯ ಯಾವ ಮಗುವಿಗೂ ತಿಳಿಯುತ್ತದೆ. ಇಂಗ್ಲಿಷಿನಲ್ಲೇ ವಿವರಿಸಬೇಕೆಂದು ಪಣ ತೊಟ್ಟರೆ, ಯಾವುದು ಗೊತ್ತಿಲ್ಲವೋ ಅದನ್ನೇ ಬಳಸಿ ಅದನ್ನು ವಿವರಿಸಿದಂತಾಗುತ್ತದೆ.

‘ಮೈ ಫಾದರ್ ವರ್ಕ್’ ಎಂಬುದರ ಹಿಂದೆ ಇನ್ನೊಂದು ಬಗೆಯ ಕಾರಣವಿರಬಹುದು, ಅದು ಮರ್ಯಾದೆ. ಅಪ್ಪ ‘ಮಾಡುತ್ತಾನೆ’ ಎಂದು ಹೇಳುವ ಮನೆಗಳೂ ಇವೆ ನಿಜ, ಆದರೆ ಬಹುಪಾಲು ಮಕ್ಕಳಿಗೆ ಅಪ್ಪ, ಅಜ್ಜ, ಮೇಷ್ಟರು ಎಲ್ಲರೂ ‘ಮಾಡುತ್ತಾರೆ’. ಒಬ್ಬರಿಗೇ ಬಹುವಚನ. ಅದಕ್ಕೆ ಸಾಟಿಯಾಗಿ ಇಂಗ್ಲಿಷಿನ ಬಹುವಚನದ ರೂಪ ಹುಡುಕಿದರೆ ಸಿಗುವುದು ‘ವರ್ಕ್’. ಜೊತೆಗೆ ನಾಮಪದಕ್ಕೆ ಎಸ್ ಬಂದರೆ ಬಹುವಚನ, ಕ್ರಿಯಾಪದಕ್ಕೆ ಎಸ್ ಬಂದರೆ ಏಕವಚನ ಎಂಬ ತಿರುಗುಮುರುಗು ಬೇರೆ. ಹಳೆಯ ಇಂಗ್ಲಿಷಿನಲ್ಲಿ ನಾನು, ನೀನು, ಅವನು ಎಂದು ಬೇರೆ ಬೇರೆ ಪ್ರತ್ಯಯಗಳಿದ್ದವು, ನಮ್ಮ ‘ಮಾಡುತ್ತೇನೆ, ಮಾಡುತ್ತೀಯ, ಮಾಡುತ್ತಾನೆ’ಯ ಹಾಗೆ. ಅವೆಲ್ಲ ಸವೆದು ಈಗ ಉಳಿದಿರುವುದು ಈ ಒಂದು ಎಸ್ ಮಾತ್ರ. ‘ಹೀ ಡಸ್ ನಾಟ್ ಕಮ್ಸ್’ ಎಂಬ ತಪ್ಪಿಗೂ ಕನ್ನಡದಲ್ಲೇ ಮದ್ದಿದೆ. ‘ಬರುತ್ತಾನೆ’ ಎಂಬಲ್ಲಿರುವ ‘ಆನೆ’ ಪ್ರತ್ಯಯ ‘ಬರುವುದಿಲ್ಲ’ ಎಂದಾಗ ಬಿದ್ದುಹೋಗುತ್ತದೆ. ಅವನು, ಅವಳು, ಅವರು ಯಾರಾದರೂ ‘ಬರುವುದಿಲ್ಲ’. ಇಂಗ್ಲಿಷಿನಲ್ಲೂ ನಿಷೇಧ ಬಂದಾಗ ಮುಖ್ಯ ಕ್ರಿಯಾಪದ ಬರಿದಾಗುತ್ತದೆ, ಎಸ್ ‘ಡು’ಗೆ ವರ್ಗವಾಗಿ ‘ಡಸ್’ ಆಗುತ್ತದೆ.

ಇಲ್ಲಿ ಒಂದು ಗಂಭೀರ ಆಕ್ಷೇಪಣೆಯನ್ನು ಎದುರಿಸಬೇಕು. ‘ಐ ಆ್ಯಮ್ ನೋಯಿಂಗ್’ ಎಂದರೆ ಯಾರಿಗೆ ತಾನೇ ಅರ್ಥವಾಗುವುದಿಲ್ಲ? ಭಾರತೀಯ ಇಂಗ್ಲಿಷ್ ತನ್ನದೇ ಆದ ಒಂದು ಇಂಗ್ಲಿಷ್ ಎಂದು ಬ್ರಜ್ ಕಚ್ರು ಅವರಂಥ ವಿದ್ವಾಂಸರು ವಾದಿಸಿದ್ದಾರೆ. ಹಾಸನದ ರಾಜಾರಾವ್ 1938ರಲ್ಲೇ ‘ಕಾಂತಾಪುರ’ ಕಾದಂಬರಿಯಲ್ಲಿ ನಮ್ಮ ಹಳ್ಳಿಯ ಮಾತಿನ ಲಯಕ್ಕೆ ಇಂಗ್ಲಿಷನ್ನು ಬಗ್ಗಿಸಿದರು. ಇಂಗ್ಲಿಷರೂ ತಮ್ಮ ನಿಯಮಗಳಿಗೆ ಕಟ್ಟುಬಿದ್ದವರಲ್ಲ. ‘ದಿ ಹೌಸ್ ಈಸ್ ಬೀಯಿಂಗ್ ಬಿಲ್ಟ್’ ಎಂಬ, ಇಂದು ಯಾರೂ ಹುಬ್ಬೇರಿಸದ ರಚನೆಯನ್ನು 19ನೇ ಶತಮಾನದ ಪಂಡಿತರು ಅಸಹ್ಯವೆಂದು ಜರೆದಿದ್ದರು; ಅಮೆರಿಕದ ರಿಚರ್ಡ್ ಗ್ರಾಂಟ್ ವೈಟ್ ಅದರ ವಿರುದ್ಧ ದೀರ್ಘವಾಗಿ ಬರೆದ. ‘ಲವ್’ಗೆ ಐಎನ್‌ಜಿ ಕೂಡದು ಎನ್ನುವ ನಿಯಮವನ್ನು ಮೆಕ್‌ಡೊನಾಲ್ಡ್ಸ್ 2003ರಿಂದ ತನ್ನ ಜಾಹೀರಾತಿನಲ್ಲಿ ಮುರಿಯುತ್ತಾ ಬಂದಿದೆ.

ಈ ಆಕ್ಷೇಪಣೆಯ ಬಹುಭಾಗವನ್ನು ನಾನು ಒಪ್ಪುತ್ತೇನೆ. ನಿಸಿಮ್ ಎಜೆಕಿಯೆಲ್ ಅವರು ಇಂಥ ಐಎನ್‌ಜಿಗಳಿಂದಲೇ ಕಟ್ಟಿದ ಮಿಸ್ ಪುಷ್ಪಾ ಕವಿತೆಯನ್ನು ಓದಿ ನಕ್ಕವರು ಆ ನಗುವನ್ನು ನಿಜವಾದ ಮನುಷ್ಯರ ಮುಖಕ್ಕೆ ಎಸೆದರೆ ಅದು ಹಿಂಸೆ. ತನ್ನ ಮನೆಯವರಲ್ಲೇ ಮೊದಲಿಗಳಾಗಿ ಇಂಗ್ಲಿಷ್ ಮಾತಾಡಲು ಬಾಯಿ ತೆರೆದ ಹುಡುಗಿಯನ್ನು ಐಎನ್‌ಜಿಗಾಗಿ ತಡೆದು ನಿಲ್ಲಿಸಿದರೆ ಅವಳು ಮತ್ತೆ ಬಾಯಿ ತೆರೆಯದೆ ಇರಬಹುದು. ಅರ್ಥ ಕೆಡದ ಕಡೆ ತಿದ್ದುವ ಆತುರ ಬೇಡ.

ಆದರೆ ರಾಜಾರಾವ್ ಇಂಗ್ಲಿಷನ್ನು ಬಗ್ಗಿಸಿದ್ದು ಅದು ಬಾರದೆ ಅಲ್ಲ. ಎರಡು ದಾರಿ ಗೊತ್ತಿದ್ದು ಒಂದನ್ನು ಆರಿಸಿಕೊಳ್ಳುವುದು ಸ್ವಾತಂತ್ರ್ಯ. ಒಂದೇ ದಾರಿ ಗೊತ್ತಿರುವವರಿಗೆ ಆಯ್ಕೆಯೇ ಇಲ್ಲ. ‘ಭಾರತೀಯ ಇಂಗ್ಲಿಷ್ ಸಾಕು’ ಎಂದು ವಾದಿಸುವವರ ಮಕ್ಕಳಿಗೆ ಎರಡೂ ಬರುತ್ತವೆ, ಮನೆಯಲ್ಲೇ ಸಿಕ್ಕಿರುತ್ತವೆ. ಸಂದರ್ಶನದ ಕೋಣೆಯಲ್ಲಿ ಬೆಲೆ ತೆರುವುದು ಸರ್ಕಾರಿ ಶಾಲೆಯಿಂದ ಬಂದ ಮಕ್ಕಳು. ಮೇಲಾಗಿ ಅರ್ಥ ನಿಜವಾಗಿ ಕೆಡುವ ಜಾಗಗಳಿವೆ. ವೈದ್ಯರು ರೋಗಿಯ ಚೀಟಿಯಲ್ಲಿ ‘ಡ್ರಿಂಕ್ಸ್’ ಎಂದು ಬರೆದರೆ ಅದು ಕುಡಿತದ ಅಭ್ಯಾಸ. ‘ಈಸ್ ಡ್ರಿಂಕಿಂಗ್’ ಎಂದರೆ ಬೇರೆ. ಬಯೊಡೇಟಾದಲ್ಲಿ ‘ಐ ಮ್ಯಾನೇಜ್ ಎ ಟೀಮ್’ ಎಂಬುದು ಹುದ್ದೆಯ ಜವಾಬ್ದಾರಿ, ‘ಐ ಆ್ಯಮ್ ಮ್ಯಾನೇಜಿಂಗ್ ಎ ಟೀಮ್’ ಎಂಬುದು ಸದ್ಯದ ವಹಿವಾಟು. ಇಂಥ ಕಡೆ ಸರಿಯಾದ ರೂಪ ಬೇಕಾಗಿರುವುದು ಇಂಗ್ಲಿಷರ ಮೆಚ್ಚುಗೆಗಲ್ಲ, ತಾನು ಅಂದುಕೊಂಡದ್ದನ್ನೇ ಹೇಳುವುದಕ್ಕೆ.

ಹಾಗಾಗಿ ನನ್ನ ಬೇಡಿಕೆ ಇಂಗ್ಲಿಷ್ ಮೇಷ್ಟರಿಗಷ್ಟೇ ಅಲ್ಲ, ಕನ್ನಡ ಮೇಷ್ಟರಿಗೂ. ಕನ್ನಡ ವ್ಯಾಕರಣದ ಪಾಠದಲ್ಲಿ ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಹೆಸರು, ವರ್ತಮಾನಕ್ಕೆ ‘ಉತ್ತ’ ಎಂಬ ಒಂದು ಪ್ರತ್ಯಯ ಹೇಳಿ ಹೆಚ್ಚಾಗಿ ಮುಗಿಸಿಬಿಡುತ್ತೇವೆ. ‘ಬರುತ್ತಾನೆ’, ‘ಬರುತ್ತಿದ್ದಾನೆ’, ‘ಬಂದಿದ್ದಾನೆ’ಗಳ ನಡುವೆ ಏನಾಗುತ್ತದೆ, ‘ಇದೆ’ ಮತ್ತು ‘ಇರುತ್ತದೆ’ ಯಾಕೆ ಬೇರೆ, ಧಾರವಾಡದವರು ‘ಬರಾಕತ್ತಾನ’ ಎಂದಾಗ ಅದು ಮೈಸೂರಿನ ಯಾವ ರೂಪಕ್ಕೆ ಸಾಟಿ, ಇವನ್ನು ಯಾರೂ ಕೇಳುವುದಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾಗಿ ವರ್ಷಗಳೇ ಕಳೆದರೂ ಒಂದೇ ಸ್ಟಾಫ್ ರೂಮಿನಲ್ಲಿ ಕೂರುವ ಕನ್ನಡ ಮತ್ತು ಇಂಗ್ಲಿಷ್ ಶಿಕ್ಷಕರು ಕ್ರಿಯಾಪದದ ಬಗ್ಗೆ ಒಟ್ಟಿಗೆ ಕೂತು ಒಂದು ಪಾಠ ಮಾಡುವ ಏರ್ಪಾಡಿಲ್ಲ.

ಪರೀಕ್ಷೆಯೂ ಬದಲಾಗಬೇಕು. ಈಗಿನ ಖಾಲಿ ಜಾಗದ ಪ್ರಶ್ನೆಗಳಲ್ಲಿ ‘ಎವ್ರಿ ಡೇ’ ಇದ್ದರೆ ಎಸ್, ‘ನೌ’ ಇದ್ದರೆ ಐಎನ್‌ಜಿ, ‘ಸಿನ್ಸ್’ ಇದ್ದರೆ ‘ಹ್ಯಾವ್ ಬೀನ್’ ಎಂದು ಗುರುತು ಹಿಡಿದು ತುಂಬುವುದನ್ನು ಮಕ್ಕಳು ಕಲಿತಿದ್ದಾರೆ. ವಾಕ್ಯದ ಅರ್ಥ ನೋಡದೆಯೂ ಪೂರ್ತಿ ಅಂಕ ಬರುತ್ತದೆ. ಜನರ ಮಾತಿನಲ್ಲಿ ಆ ಗುರುತಿನ ಪದಗಳು ಇರುವುದಿಲ್ಲ. ಅದರ ಬದಲು ಎರಡೂ ಸರಿಯಿರುವ ವಾಕ್ಯಗಳನ್ನು ಕೊಡಲಿ: ‘ಶಿ ಟೀಚಸ್ ಇನ್ ಹಾಸನ’, ‘ಶಿ ಈಸ್ ಟೀಚಿಂಗ್ ಇನ್ ಹಾಸನ’. ಈ ಇಬ್ಬರಲ್ಲಿ ಯಾರು ಸದ್ಯಕ್ಕಷ್ಟೇ ಅಲ್ಲಿರುವಂತೆ ಕೇಳಿಸುತ್ತದೆ, ಯಾಕೆ, ಕನ್ನಡದಲ್ಲಿ ಉತ್ತರಿಸಿ ಎಂದು ಕೇಳಲಿ. ಮೊದಲನೆಯವರದು ಕಾಯಂ ಕೆಲಸದಂತಿದೆ, ಎರಡನೆಯವರು ಡೆಪ್ಯುಟೇಶನ್ ಮೇಲೆ ಹೋಗಿರಬಹುದು ಎಂದು ಬರೆಯುವ ಮಗುವಿಗೆ ಆ ನಿಯಮದ ಹೆಸರು ಗೊತ್ತಿಲ್ಲದಿದ್ದರೂ ಪೂರ್ತಿ ಅಂಕ ಕೊಡಬೇಕು.